ರವಾನೆಯಾದ ಬಲಗೈ

ನನ್ನ ಅಕ್ಕನ ಬಲಗೈ ಮೂರು ದಿನ ಕಾಣೆಯಾಗಿತ್ತು. ಹಾಗೆಂದರೆ ಕೈಯೇನೋ ತೋಳಿನ ತುದಿಯಲ್ಲೇ ಇತ್ತು, ಬಿಳಿ ಬ್ಯಾಂಡೇಜು ಸುತ್ತಿಕೊಂಡು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಆದರೆ ಅಕ್ಕನನ್ನು ಕೇಳಿದರೆ, "ಅದು ಇಲ್ಲಿಲ್ಲ, ಕಳಿಸಾಯ್ತು" ಎನ್ನುತ್ತಿದ್ದಳು. ಈ ಕಥೆಗೆ ನಮ್ಮ ಆಸ್ಪತ್ರೆಯಲ್ಲಿ ಈಗಾಗಲೇ ಕೈ ಕಾಲು ಬಾಲ ಎಲ್ಲ ಮೂಡಿವೆ. ಲಿಫ್ಟಿನವನು ಹೇಳುವ ಪ್ರಕಾರ ಅಕ್ಕ ಮಂಚದಿಂದ ಮೇಲೆದ್ದು ಗಾಳಿಯಲ್ಲಿ ತೇಲಿದಳಂತೆ. ತೇಲಲಿಲ್ಲ. ಅವಳ ತೂಕ ನನಗೆ ಗೊತ್ತು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಹೇಳಿಬಿಡುತ್ತೇನೆ. ಮೊದಲಿನಿಂದ ಕೊನೆಯ ತನಕ ಎಚ್ಚರವಾಗಿದ್ದವಳು ನಾನೊಬ್ಬಳೇ.

ನಾನು ಸುಟ್ಟಗಾಯದ ವಾರ್ಡಿನ ಡ್ರೆಸಿಂಗ್ ರೂಮಿನ ನರ್ಸು. ಹತ್ತೊಂಬತ್ತು ವರ್ಷದಿಂದ ಅದೇ ರೂಮು, ಅದೇ ಉದ್ದನೆಯ ಸ್ಟೀಲ್ ಮೇಜು, ಅದೇ ಕರಕರ ಎನ್ನುವ ತಿರುಗುಕುರ್ಚಿ. ಗಾಯಕ್ಕೆ ಅಂಟಿದ ಹಳೆಯ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿ ಬಿಡಿಸುವುದು, ತೊಳೆಯುವುದು, ಮುಲಾಮು ಹಚ್ಚಿ ಮತ್ತೆ ಕಟ್ಟುವುದು. ಕೇಳಲು ಸುಲಭದ ಕೆಲಸ. ಮಾಡಿಸಿಕೊಳ್ಳುವವರನ್ನು ಕೇಳಿದರೆ ಬೇರೆ ಹೇಳಿಯಾರು.

ಅಕ್ಕ ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನವಳು. ಇಪ್ಪತ್ತಾರು ವರ್ಷದ ಅನುಭವ. ದಾರ ಸಡಿಲವಾಗಿರುವ ಪಾರ್ಸೆಲನ್ನು ಅವಳ ಕೈಗೆ ದಾಟಿಸಿ ಗೆದ್ದವರು ಇನ್ನೂ ಹುಟ್ಟಿಲ್ಲ. ರಿಜಿಸ್ಟರ್ಡ್ ಪಾರ್ಸೆಲಿನ ಗಂಟಿನ ಮೇಲೆ ಅರಗು ಕರಗಿಸಿ ಹನಿಸಿ ಮುದ್ರೆ ಒತ್ತುವ ಹಳೆಯ ಪದ್ಧತಿ ಅವಳ ಕೌಂಟರಿನಲ್ಲಿ ಮಾತ್ರ ಉಳಿದಿತ್ತು. ಉಳಿದವರೆಲ್ಲ ಟೇಪಿಗೆ ಬದಲಾದರು, ಅವಳು ಬದಲಾಗಲಿಲ್ಲ. ಒಂದು ಬೆಳಿಗ್ಗೆ ಯಾರೋ ಅವಸರದಲ್ಲಿ ದಪ್ಪ ಪೆಟ್ಟಿಗೆಯೊಂದನ್ನು ಕೌಂಟರಿನ ಮೇಲೆ ತಳ್ಳಿದರು, ಅದು ಹೋಗಿ ಸ್ಟೌವಿಗೆ ಬಡಿಯಿತು, ಕುದಿಯುತ್ತಿದ್ದ ಅರಗಿನ ಬಟ್ಟಲು ವಾಲಿತು. ಬೇರೆಯವರಾಗಿದ್ದರೆ ಹಿಂದಕ್ಕೆ ಹಾರುತ್ತಿದ್ದರು. ಇವಳು, ಪಕ್ಕದಲ್ಲಿದ್ದ ಯಾರದೋ ಪಾರ್ಸೆಲ್ ಹಾಳಾದೀತೆಂದು, ಬಟ್ಟಲನ್ನು ಬರಿಯ ಅಂಗೈಯಲ್ಲಿ ತಡೆಯಲು ಹೋದಳು. ಪಾರ್ಸೆಲಿಗೆ ಒಂದು ಹನಿ ಬೀಳಲಿಲ್ಲ. ಅಂಗೈಗೆ ಮತ್ತು ಐದು ಬೆರಳಿಗೆ ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕಾಯಿತು.

ಒಡಹುಟ್ಟಿದವರಿಗೆ ನಾವೇ ಡ್ರೆಸಿಂಗ್ ಮಾಡಬಾರದೆಂದು ಆಸ್ಪತ್ರೆಯಲ್ಲಿ ನಿಯಮವಿದೆ. ತನ್ನ ಕೌಂಟರಿನ ನಿಯಮ ಬಿಟ್ಟರೆ ಬೇರೆಯವರ ನಿಯಮಕ್ಕೆ ಅಕ್ಕ ಮೂರು ಕಾಸಿನ ಬೆಲೆ ಕೊಡುವವಳಲ್ಲ. "ನೋಯಿಸೋದು ಹೇಗಿದ್ರೂ ನೋಯಿಸ್ತೀರ. ತಂಗಿ ಆದ್ರೆ ಬಾಯ್ತುಂಬ ಬೈಯಕ್ಕಾದ್ರೂ ಅನುಕೂಲ" ಎಂದಳು. ಬೈದಳು ಕೂಡ. ನಾನು ಹುಟ್ಟಿದ ದಿನದಿಂದ ಶುರುಮಾಡಿ, ಏಳನೇ ಕ್ಲಾಸಿನಲ್ಲಿ ಅವಳ ಕೆಂಪು ರಿಬ್ಬನ್ ಕಳೆದದ್ದರ ವರೆಗೆ, ಒಂದೊಂದು ಪಟ್ಟಿ ಬಿಡಿಸುವಾಗಲೂ ಒಂದೊಂದು ಅಪರಾಧ. ರೂಮಿನ ಹೊರಗೆ ಕಾಯುತ್ತಿದ್ದವರಿಗೆ ನಮ್ಮ ಮನೆಯ ಚರಿತ್ರೆಯೆಲ್ಲ ಬಾಯಿಪಾಠವಾಯಿತು.

ಬೈಗುಳದಿಂದ ನನಗೇನೂ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಮುಷ್ಟಿಯಿಂದ. ನೋವಿಗೆ ಹೆದರಿ ಅವಳು ಬೆರಳುಗಳನ್ನು ಮಡಚಿ ಹಿಡಿದಿದ್ದಳು, ಬಿಚ್ಚಲು ಬಿಡುತ್ತಿರಲಿಲ್ಲ. ಬಲವಾದ ನೋವಿನ ಮದ್ದು ಒಮ್ಮೆ ಕೊಟ್ಟಾಗ ಅವಳ ಉಸಿರೇ ನಿಧಾನವಾಗಿ ಇಡೀ ವಾರ್ಡು ಓಡಾಡಿತ್ತು. ದಿನ ಬಿಟ್ಟು ದಿನ ಪೂರ್ತಿ ಪ್ರಜ್ಞೆ ತಪ್ಪಿಸುವಂತೆಯೂ ಇರಲಿಲ್ಲ. ನಮ್ಮ ದೊಡ್ಡ ಡಾಕ್ಟರು, ಅಂದರೆ ಕಸಿ ಮಾಡಿದ ಸರ್ಜನ್ನರು, ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. "ಹೊಸ ಚರ್ಮ ಮುದುಡಿಕೊಳ್ಳತ್ತೆ. ಹತ್ತು ದಿನದೊಳಗೆ ಬೆರಳು ಬಿಚ್ಚಿ, ಆಮೇಲೆ ಅವರೇ ಗಂಟೆಗೊಂದು ಸಲ ಬಿಚ್ಚಿ ಮಡಚಿ ಮಾಡ್ಬೇಕು. ಇಲ್ಲಾಂದ್ರೆ ಈ ಕೈ ಮುಷ್ಟಿಯಾಗೇ ಉಳಿಯತ್ತೆ."

ಮುಷ್ಟಿಯಲ್ಲಿ ದಾರ ಕಟ್ಟಲಾಗುವುದಿಲ್ಲ, ಮುದ್ರೆ ಒತ್ತಲಾಗುವುದಿಲ್ಲ. ಅಕ್ಕನಿಗೆ ಆ ಕೌಂಟರಿಲ್ಲದೆ ಜೀವವೇ ಇಲ್ಲ. ಆ ದಿನ ಅವಳು ಬೈಯಲಿಲ್ಲ. ಗೋಡೆಗೆ ತಿರುಗಿ ಮಲಗಿದಳು.

ಆಗ ಬಂದರು ಜೋಗುಳ ಡಾಕ್ಟರು. ಅರಿವಳಿಕೆ ಕೊಡುವ ಡಾಕ್ಟರಿಗೆ ನಾವಿಟ್ಟ ಹೆಸರು ಅದು. ಇನ್ನೂ ಮೂವತ್ತು ದಾಟದ ಹುಡುಗ, ದನಿ ಮಾತ್ರ ಬೆಣ್ಣೆ. ಎಲ್ಲೋ ಹೋಗಿ ಮೂರು ವಾರ ಸಮ್ಮೋಹನ ಕಲಿತು ಬಂದಿದ್ದರು, ಕಲಿತದ್ದನ್ನು ಯಾರ ಮೇಲೆ ಬಿಡಲಿ ಎಂದು ಕಾರಿಡಾರಿನಲ್ಲಿ ತಿರುಗುತ್ತಿದ್ದರು. ಸಮ್ಮೋಹನವೆಂದರೆ ನನಗೆ ಗೊತ್ತಿದ್ದದ್ದು ಒಂದೇ, ಜಾದೂಗಾರನೊಬ್ಬ ಪಾಪದ ಗುಮಾಸ್ತನನ್ನು ವೇದಿಕೆಗೆ ಕರೆದು ಕೋಳಿಯ ಹಾಗೆ ಕೂಗಿಸುವುದು. ಅದನ್ನೇ ಹೇಳಿದೆ.

"ಕೋಳಿ ಕೂಗ್ಸಲ್ಲ ಸಿಸ್ಟರ್," ಎಂದರು. "ನಿದ್ದೆನೂ ಅಲ್ಲ ಇದು. ನೀವು ಧಾರಾವಾಹಿ ನೋಡ್ತಾ ಕೂತಿರ್ತೀರ, ಒಲೆ ಮೇಲೆ ಹಾಲು ಉಕ್ಕಿದ್ದೇ ಗೊತ್ತಾಗಲ್ಲ. ಮೂಗು ಇದೆ, ಕಿವಿ ಇದೆ, ಮನಸ್ಸು ಮಾತ್ರ ಅಡುಗೆಮನೇಲಿ ಇಲ್ಲ. ಹಾಗೇ, ನೋವು ಇರತ್ತೆ, ಮನಸ್ಸು ಅದರ ಪಕ್ಕ ಕೂತಿರಲ್ಲ."

"ನಮ್ಮನೇಲಿ ಹಾಲು ಉಕ್ಕಲ್ಲ," ಎಂದೆ. ಉಕ್ಕುತ್ತದೆ. ವಾರಕ್ಕೆ ಎರಡು ಸಲ.

ದೊಡ್ಡ ಡಾಕ್ಟರು ಒಪ್ಪಿದರು, ಅಕ್ಕ ಒಪ್ಪಿದಳು, ನಾನು ಮೂಗು ಮುರಿದೆ. ಮಾರನೆಯ ದಿನ ಅಕ್ಕನನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಪರದೆ ಎಳೆದು, ಜೋಗುಳ ಡಾಕ್ಟರು ಶುರುಮಾಡಿದರು. ಮೂಲೆಯ ಸ್ಟೂಲಿನ ಮೇಲೆ ಭಾವ, ಅಂದರೆ ಅಕ್ಕನ ಗಂಡ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಒಂದು ತಿಳಿಯಾದ ಕೊಳ. ನೀವು ದೋಣಿಯಲ್ಲಿ ಹಾಯಾಗಿ ಮಲಗಿದೀರಿ..."

"ನಂಗೆ ಈಜು ಬರಲ್ಲ."

"ಈಜೋದು ಬೇಡಮ್ಮ, ದೋಣಿ ಇದೆಯಲ್ಲ."

"ಹುಟ್ಟು ಹಾಕ್ತಿರೋರು ಯಾರು?"

"ಯಾರೂ ಇಲ್ಲ. ಅದೇ ತಾನಾಗಿ ತೇಲ್ತಾ ಇದೆ."

"ಅದೇ ನಂಗೆ ಭಯ ಆಗ್ತಿರೋದು ಡಾಕ್ಟ್ರೇ."

ಕೊಳ ಬಿಟ್ಟು ಮೆಟ್ಟಿಲಿಗೆ ಬಂದರು. ಹತ್ತು ಮೆಟ್ಟಿಲು ನಿಧಾನವಾಗಿ ಇಳಿಯಿರಿ ಎಂದರೆ ಅಕ್ಕ, ಮಂಡಿ ನೋವಿದೆ, ಹಿಡಿದುಕೊಳ್ಳಲು ಕಂಬಿ ಇದೆಯಾ ಎಂದು ಕೇಳಿದಳು. ಮೆಟ್ಟಿಲು ಬಿಟ್ಟು ಮೋಡದ ಮೇಲೆ ಕೂರಿಸಲು ನೋಡಿದರು. "ನನ್ನ ಹೊರೋ ಮೋಡ ಇನ್ನೂ ತಯಾರಾಗಿಲ್ಲ" ಎಂದಳು. ಕೊಳ, ಮೆಟ್ಟಿಲು, ಮೋಡ ಮೂರನ್ನೂ ಮನಸಾರೆ ಮೆಚ್ಚಿದವರು ಭಾವ ಒಬ್ಬರೇ. ಸ್ಟೂಲಿನ ಮೇಲೆ ಬಾಯಿ ತೆರೆದು, ಗೋಡೆಗೊರಗಿ, ಜಗತ್ತಿನ ಯಾವ ನೋವೂ ಇಲ್ಲದೆ ಗೊರಕೆ ಹೊಡೆಯುತ್ತಿದ್ದರು.

ಜೋಗುಳ ಡಾಕ್ಟರ ಮುಖ ಸಣ್ಣಗಾಯಿತು. ನನಗೇ ಪಾಪ ಎನಿಸಿ, "ಡಾಕ್ಟ್ರೇ, ಕೊಳ ಗಿಳ ಎಲ್ಲ ನಿಮಗೆ ನೆಮ್ಮದಿ. ಇವಳು ನೆಮ್ಮದಿಯಾಗಿ ಕೂತಿದ್ದನ್ನ ನಾನು ನೋಡಿರೋದು ಒಂದೇ ಜಾಗದಲ್ಲಿ. ಪಾರ್ಸೆಲ್ ಕೌಂಟರು" ಎಂದೆ. ಮೂಗು ಮುರಿದವಳೇ ದಾರಿ ತೋರಿಸಿದ ಹಾಗಾಯಿತು. ಈಗ ಯೋಚಿಸಿದರೆ, ಆಮೇಲಿನ ಅವಾಂತರಕ್ಕೆಲ್ಲ ಮೂಲ ನಾನೇ.

ಸೋಮವಾರ ಮಧ್ಯಾಹ್ನ ಎರಡನೇ ಸಲ ಕೂರಿಸಿದರು. "ಬೆಳಿಗ್ಗೆ ಕಚೇರಿ ತೆರೆದಿದೆ. ನೀವು ನಿಮ್ಮ ಕುರ್ಚಿಯಲ್ಲಿ ಕೂತಿದೀರಿ. ಎಡಗಡೆ ತಕ್ಕಡಿ, ಬಲಗಡೆ ದಾರದ ಉಂಡೆ..." ಅಷ್ಟೇ. ಅಕ್ಕನ ಭುಜ ಇಳಿಯಿತು. ರೆಪ್ಪೆ ಅರ್ಧ ಮುಚ್ಚಿತು. ಉಸಿರು ಉದ್ದವಾಯಿತು. ಮುಖದ ಮೇಲೆ ಒಂದು ಗತ್ತು ಬಂತು, ಅದು ನನಗೆ ಚೆನ್ನಾಗಿ ಗೊತ್ತಿರುವ ಗತ್ತು, ಸಾಲಿನಲ್ಲಿ ಹದಿನೈದು ಜನ ನಿಂತಿರುವಾಗ ಬರುವಂಥದ್ದು.

"ನಿಮ್ಮ ಮುಂದೆ ಒಂದು ಖಾಲಿ ಪೆಟ್ಟಿಗೆ ಇದೆ," ಎಂದರು ಜೋಗುಳ ಡಾಕ್ಟರು. "ಒಳಗೆ ಮೆತ್ತಗೆ ಹತ್ತಿ ಹಾಸಿದೆ. ನೋಯ್ತಿರೋ ಆ ಕೈನ ಪೆಟ್ಟಿಗೆಯೊಳಗೆ ಇಡಿ. ಅದನ್ನ ದೂರಕ್ಕೆ ಕಳಿಸಿಬಿಡೋಣ."

"ಒಳಗಿರೋ ವಸ್ತು ಏನು?" ದನಿ ಬೇರೆಯಾಗಿತ್ತು, ಕಚೇರಿಯದು.

"ಬಲಗೈ."

"ಒಡೆಯೋ ವಸ್ತುನಾ?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ.

"ಹೌದು."

"ಹಾಗಾದ್ರೆ ರಿಜಿಸ್ಟರ್ಡ್ ಆಗ್ಬೇಕು. ಅರಗು ಹಾಕ್ಬೇಕು."

ಅರಗು ಎಂದೊಡನೆ ಡಾಕ್ಟರಿಗೆ ಬೆವರು ಬಂತು. "ಅರಗು ಬೇಡಮ್ಮ, ಟೇಪ್ ಸಾಕು, ಟೇಪ್..."

"ಟೇಪ್ ಸುತ್ತಿದ್ದನ್ನ ನಾನು ತಗೊಳಲ್ಲ."

"ಆಯ್ತು, ಅರಗು ಹಾಕಿ, ಆದ್ರೆ ಅದು ತಣ್ಣಗಿದೆ. ತುಂಬಾ ತಣ್ಣಗಿರೋ ಅರಗು."

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದಳು. ತಣ್ಣನೆಯ ಅರಗಿನ ಬಗ್ಗೆ ಅವಳ ವೃತ್ತಿಧರ್ಮಕ್ಕೆ ಏನೋ ತಕರಾರಿತ್ತು, ಕಾಣುತ್ತದೆ. ಕೊನೆಗೆ ಒಪ್ಪಿದಳು. ಎಡಗೈ ಬೆರಳಿನಲ್ಲಿ ಗಾಳಿಯ ಮೇಲೆ ವಿಳಾಸ ಬರೆದಳು, ಸಾವಕಾಶವಾಗಿ, ಮೂರು ಸಾಲು. ಆಮೇಲೆ ಕುರ್ಚಿಯ ತೋಳಿನ ಮೇಲೆ ಧಬ್ ಎಂದು ಮೊಹರು ಒತ್ತಿದಳು. ಅದರ ಸದ್ದಿಗೆ ಭಾವ ಎಚ್ಚರಗೊಂಡು, "ಬಂತಾ?" ಎಂದರು. ಏನು ಬಂತೆಂದುಕೊಂಡರೋ.

"ಶುರುಮಾಡಿ ಸಿಸ್ಟರ್," ಎಂದು ಡಾಕ್ಟರು ಪಿಸುಗುಟ್ಟಿದರು.

ನಾನು ಶುರುಮಾಡಿದೆ. ಪಟ್ಟಿ ನೆನೆಸಿದೆ, ಎಳೆಯೆಳೆಯಾಗಿ ಬಿಡಿಸಿದೆ, ತೊಳೆದೆ. ಅಕ್ಕ ಮಿಸುಕಲಿಲ್ಲ. ಮೊದಲ ಬೆರಳು ಬಿಚ್ಚಿದೆ. ಅವಳು ಯಾರಿಗೋ "ಪಿನ್‌ಕೋಡ್ ಬರೀರಿ" ಎಂದಳು. ಎರಡನೆಯದು ಬಿಚ್ಚಿದೆ. ನಲವತ್ತು ನಿಮಿಷದಲ್ಲಿ ಐದು ಬೆರಳೂ ನನ್ನ ಅಂಗೈ ಮೇಲೆ ಚಾಚಿಕೊಂಡು ಮಲಗಿದ್ದವು. ಡ್ರೆಸಿಂಗ್ ಮಾಡುವಾಗ ನಾನು ಬಾಯಿ ಮುಚ್ಚುವವಳಲ್ಲ, ಹವಾಮಾನ, ಪಕ್ಕದ ಮನೆಯ ನಾಯಿ, ಮಗಳ ಪರೀಕ್ಷೆ ಎಂದು ಏನಾದರೂ ವಟಗುಟ್ಟುತ್ತಲೇ ಇರುತ್ತೇನೆ. ಆ ಮಧ್ಯಾಹ್ನ ಒಂದು ಮಾತೂ ಹೊರಡಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಯಾರೂ ಅರಚದ ಒಂದು ಗಾಯವನ್ನು ನೋಡಿದೆ. ಗುಲಾಬಿ ಬಣ್ಣದ ಹೊಸ ಚರ್ಮ, ನಮ್ಮಕ್ಕನದು. ನನಗೆ ಅಳು ಬಂತು, ಖುಷಿಗೆ.

ಅದೇ ಗಳಿಗೆಗೆ ಪರದೆ ಸರ್ರೆಂದು ಸರಿಯಿತು. ದೊಡ್ಡ ಡಾಕ್ಟರು, ಹಿಂದೆ ಐದು ಜನ ವಿದ್ಯಾರ್ಥಿಗಳು. ಬಿಚ್ಚಿದ ಬೆರಳು ನೋಡಿ, "ಭೇಷ್! ಭೇಷ್!" ಎಂದು ಚಪ್ಪಾಳೆ ತಟ್ಟಿದರು. ವಿದ್ಯಾರ್ಥಿಗಳೂ ತಟ್ಟಿದರು. ದೊಡ್ಡ ಡಾಕ್ಟರದು ಮೈಕಿನ ಅಗತ್ಯವಿಲ್ಲದ ಗಂಟಲು. ಅಕ್ಕ ಕಣ್ಣು ಬಿಟ್ಟು, "ಏನ್ರೀ ಗಲಾಟೆ? ಕೌಂಟರ್ ಮುಚ್ಚಿದೆ" ಎಂದಳು.

"ಕೈ ಹೇಗಿದೆಯಮ್ಮ?"

"ಯಾವ ಕೈ?"

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಜೋಗುಳ ಡಾಕ್ಟರು ಎಲ್ಲರ ಕೈಕುಲುಕುತ್ತಾ ನೆಲದಿಂದ ಒಂದು ಗೇಣು ಮೇಲೆ ನಡೆಯುತ್ತಾ ಹೊರಟುಹೋದರು. ಅವರು ಒಂದು ಕೆಲಸ ಮರೆತಿದ್ದರು. ನಮಗಾರಿಗೂ ಅದು ಗೊತ್ತಿರಲಿಲ್ಲ.

ಮಂಗಳವಾರ ಅಕ್ಕ ರಾಜಮಾತೆಯ ಹಾಗೆ ವಾರ್ಡಿನಲ್ಲಿ ತಿರುಗಿದಳು. ನೋವಿನ ಸುಳಿವೇ ಇಲ್ಲ. ಬ್ಯಾಂಡೇಜಿನ ಕೈಯನ್ನು ಸೌಟಿನ ಹಾಗೆ ಬಳಸಿ ಡ್ರಾಯರ್ ಮುಚ್ಚಿದಳು, ಕಿಟಕಿ ತಳ್ಳಿದಳು, ಭಾವನ ಬೆನ್ನಿಗೆ ಎರಡು ಬಿಟ್ಟಳು. ಪಕ್ಕದ ಮಂಚದವರು ಕೇಳಿದರೆ, "ಅದು ನನ್ನ ಹತ್ರ ಇಲ್ಲ" ಎಂದು ನಕ್ಕಳು. ನಾವೂ ನಕ್ಕೆವು. ಬುಧವಾರ ನಾನು ಪಟ್ಟಿ ಬಿಚ್ಚಿದಾಗ ಅಂಗೈಯ ಅಂಚಿನಲ್ಲಿ ಹೊಸ ಚರ್ಮ ಬಿಟ್ಟುಕೊಂಡು ರಕ್ತ ಹೆಪ್ಪುಗಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

"ಬೆರಳು ಅಲ್ಲಾಡ್ಸು," ಎಂದೆ.

"ಕಳಿಸಿರೋ ಕೈನ ನಾನು ಹೇಗೆ ಅಲ್ಲಾಡಿಸ್ಲಿ? ಒಳ್ಳೆ ಮಾತು."

ಸೂಜಿಯ ತುದಿ ತಾಗಿಸಿದೆ. ಅವಳು ಕಿಟಕಿಯಾಚೆ ಪಾರಿವಾಳ ನೋಡುತ್ತಿದ್ದಳು. ನಾನು ಕಾರಿಡಾರಿನಲ್ಲಿ ಓಡಿದೆ.

ಜೋಗುಳ ಡಾಕ್ಟರು ಕೇಳಿ ಬಿಳುಚಿಕೊಂಡರು. "ಎಚ್ಚರ ಮಾಡೋ ಮುಂಚೆ ಕೈನ ವಾಪಸ್ ಕೊಡ್ಬೇಕು ಸಿಸ್ಟರ್. ಅದು ಕೊನೇ ಹೆಜ್ಜೆ. ಮಾಮೂಲಿ ಅರಿವು ಪೂರ್ತಿ ವಾಪಸ್ ಬಂದಿದೆ ಅಂತ ಹೇಳಿ, ಆಮೇಲೆ ಎಬ್ಬಿಸ್ಬೇಕು. ಸರ್ ಚಪ್ಪಾಳೆ ತಟ್ಟಿದ್ರಲ್ಲ, ಆ ಖುಷೀಲಿ ಮರ್ತುಬಿಟ್ಟೆ. ಆದ್ರೂ ಬೇರೆ ಯಾರಿಗಾದ್ರೂ ಒಂದೆರಡು ಗಂಟೇಲಿ ತಾನಾಗಿ ಬಂದುಬಿಡತ್ತೆ!"

"ಇದು ಬೇರೆ ಯಾರೂ ಅಲ್ಲ," ಎಂದೆ. "ಇದು ನಮ್ಮಕ್ಕ. ಬುಕ್ ಮಾಡಿದ ಪಾರ್ಸೆಲ್ ಅವಳ ಕೌಂಟರಿಂದ ತಾನಾಗಿ ವಾಪಸ್ ಬಂದದ್ದು ಚರಿತ್ರೇಲೇ ಇಲ್ಲ."

ದೊಡ್ಡ ಡಾಕ್ಟರಿಗೆ ಹೇಳಿದಾಗ ಅವರ ಗಂಟಲು ಮೊದಲ ಸಲ ತಗ್ಗಿತು. ನೋವು ಕಾವಲುಗಾರ, ಅದಿಲ್ಲದಿದ್ದರೆ ಅವಳು ಕಸಿಯನ್ನು ಹರಿದುಕೊಳ್ಳುತ್ತಾಳೆ, ಅವಳಾಗಿ ಬೆರಳು ಆಡಿಸದಿದ್ದರೆ ಬಿಚ್ಚಿದ್ದೂ ಮತ್ತೆ ಮುಷ್ಟಿಯಾಗುತ್ತದೆ ಎಂದರು. ಉಳಿದಿದ್ದದ್ದು ನಾಲ್ಕು ದಿನ.

ಅಂದೇ ಮಧ್ಯಾಹ್ನ ಮತ್ತೆ ಒರಗುಕುರ್ಚಿ. ಅಕ್ಕ ಕೌಂಟರಿಗೆ ಹೋಗಲು ಈಗ ಅರ್ಧ ನಿಮಿಷವೂ ಬೇಕಿರಲಿಲ್ಲ.

"ಸೋಮವಾರ ಒಂದು ಪಾರ್ಸೆಲ್ ಬುಕ್ ಆಗಿದೆ. ಅದು ವಾಪಸ್ ಬೇಕು," ಎಂದರು ಜೋಗುಳ ಡಾಕ್ಟರು.

"ಬುಕ್ ಆದ್ಮೇಲೆ ಸುಮ್ನೆ ವಾಪಸ್ ಕೊಡಕ್ಕೆ ಬರಲ್ಲ. ಮುಂದಿನವರು ಬನ್ನಿ."

"ನಾನು ಡಾಕ್ಟರು..."

"ಯಾರಾದ್ರೂ ಅಷ್ಟೇ. ಮುಂದಿನವರು."

ಒಂದು ಗಂಟೆ ಬೇಡಿಕೊಂಡರು. ಬಗ್ಗಲಿಲ್ಲ. ನಾನು ಹೊರಗೆ ಹೋಗಿ ಅಕ್ಕನ ಪೋಸ್ಟ್‌ಮಾಸ್ಟರಿಗೆ ಫೋನ್ ಮಾಡಿದೆ.

"ಸರ್, ಒಂದು ಪಾರ್ಸೆಲ್ ವಾಪಸ್ ತರಿಸ್ಬೇಕಿತ್ತು."

"ಒಳಗೇನಿದೆ?"

"ನಮ್ಮಕ್ಕನ ಕೈ."

ವಿವರಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಕ್ಕು ಮುಗಿಸಿ ಗಂಭೀರವಾದರು. "ಅವರ ಹತ್ರ ಎರಡೇ ದಾರಿ ನಡೆಯೋದು. ಕಳಿಸಿದವರು ಅರ್ಜಿ ಬರೆದು ಸಹಿ ಹಾಕ್ಬೇಕು, ಇಲ್ಲಾ ವಿಳಾಸದವರೇ ಬಂದು ತಗೋಬೇಕು. ಮೂರನೇ ದಾರಿ ನಾನೇ ಒಂದ್ಸಲ ಪ್ರಯತ್ನ ಪಟ್ಟಿದ್ದೆ. ಆಗಲಿಲ್ಲಮ್ಮ."

ಗುರುವಾರ ಬೆಳಿಗ್ಗೆ ಅರ್ಜಿ ಬರೆದೆವು. ಶುದ್ಧ ಬರವಣಿಗೆ, ದೊಡ್ಡ ಡಾಕ್ಟರದೇ ಒಕ್ಕಣೆ. ಅಕ್ಕ ಅರೆಗಣ್ಣಿನಲ್ಲಿ ಅದನ್ನು ಮೇಲಿಂದ ಕೆಳಗೆ ಓದಿದಳು.

"ಕಳಿಸಿದವರ ಸಹಿ ಎಲ್ಲಿ?"

"ಕಳಿಸಿದವರು ನೀವೇ ಅಲ್ವಾ. ಈಗ ಹಾಕಿ," ಎಂದು ಜೋಗುಳ ಡಾಕ್ಟರು ಪೆನ್ನು ಕೊಟ್ಟರು.

"ಸಹಿ ಬಲಗೈದು. ಬಲಗೈ ಪಾರ್ಸೆಲ್ ಒಳಗಿದೆ."

ದೊಡ್ಡ ಡಾಕ್ಟರು ಗೋಡೆಗೆ ಹಣೆ ಒತ್ತಿ ನಿಂತರು. ಅವರ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆಂದು ಹೆದರಿ ನೋಡಿದರೆ, ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡಿದ್ದರು. ಆ ನಗು ಜೋಗುಳ ಡಾಕ್ಟರಿಗೆ ಅಂಟಿತು, ಅವರಿಂದ ನನಗೆ. ಕರುಳು ಕಿತ್ತು ಬರುವ ಹೆದರಿಕೆಯಲ್ಲೂ ಹಾಗೆ ನಗಬಹುದೆಂದು ನನಗೆ ತಿಳಿದಿರಲಿಲ್ಲ.

ಉಳಿದದ್ದು ವಿಳಾಸದವರು. ಯಾರವರು? ಕೇಳಿದರೆ, "ಗ್ರಾಹಕರ ವಿಳಾಸ ಬೇರೆಯವರಿಗೆ ಹೇಳಕ್ಕೆ ಬರಲ್ಲ. ಬಂದು ವಿಚಾರಿಸ್ಕೊಳ್ಳಿ" ಎಂದಳು. ಸರಿ, ಸಾಲು ನಿಲ್ಲುವುದೊಂದೇ ಬಾಕಿ. ನಿಂತೆವು. ಡ್ರೆಸಿಂಗ್ ರೂಮಿನ ಸಿಂಕಿನಿಂದ ಬಾಗಿಲಿನ ವರೆಗೆ ಸಾಲು. ಮೊದಲು ಭಾವ. ಅವರು ತಲೆ ಬಾಚಿಕೊಂಡು ಬಂದಿದ್ದರು, ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡಿದ್ದರು. ಮದುವೆಯಾಗಿ ಮೂವತ್ತು ವರ್ಷ, ತನಗೇ ಬಂದಿರುತ್ತದೆಂಬ ನಂಬಿಕೆ ಮುಖದ ತುಂಬ.

"ನನಗೇನಾದ್ರೂ ಬಂದಿದ್ಯಾ?"

"ನಿಮ್ಮ ಹೆಸರಿಗೆ ಏನೂ ಇಲ್ಲ."

"ಸರಿಯಾಗಿ ನೋಡು... ನೋಡಿ."

"ಏನೂ ಇಲ್ಲ. ಮುಂದಿನವರು."

ಭಾವ ಮುಖ ಇಳಿಸಿಕೊಂಡು ಸ್ಟೂಲಿಗೆ ಹೋದರು. ದೊಡ್ಡ ಡಾಕ್ಟರು ತಾನು ಮುಖ್ಯ ಸರ್ಜನ್ ಎಂದು ಹೇಳಿಕೊಂಡರು, ಆದರೂ ಏನೂ ಇರಲಿಲ್ಲ. ಜೋಗುಳ ಡಾಕ್ಟರಿಗೂ ಇಲ್ಲ. ಯಾಕೆ ಸಾಲು ಎಂದು ಇಣುಕಿದ ಲಿಫ್ಟಿನವನು ಕೂಡ ಒಂದು ಸಲ ನಿಂತು ಕೇಳಿ ನೋಡಿದ. ಇಲ್ಲವೆಂದಾಗ ನಿಜವಾಗಿಯೂ ಬೇಜಾರಾಯಿತು ಅವನಿಗೆ.

ನಾನು ಸಾಲಿನಲ್ಲಿರಲಿಲ್ಲ. ಸಿಂಕಿನ ಪಕ್ಕ ಟ್ರೇ ತೊಳೆಯುತ್ತಿದ್ದೆ. ತೊಳೆದದ್ದನ್ನೇ ತೊಳೆಯುತ್ತಿದ್ದೆ. ನೋಯುವ ಕೈಯನ್ನು ನೋಯಿಸುವವಳ ವಿಳಾಸಕ್ಕೆ ಯಾರು ತಾನೇ ಕಳಿಸುತ್ತಾರೆ?

"ಆ ಹಿಂದೆ ನಿಂತಿರೋರು ಯಾಕೆ ಬರ್ತಿಲ್ಲ?" ಎಂದಳು ಅಕ್ಕ. "ಕಚೇರಿ ಮುಚ್ಚೋ ಹೊತ್ತಾಯ್ತು."

ಕೈ ಒರೆಸಿಕೊಂಡು ಮುಂದೆ ಹೋದೆ. "ನಂಗೇನಾದ್ರೂ..."

"ಗುರುತಿನ ಚೀಟಿ."

ಕತ್ತಿನಿಂದ ಆಸ್ಪತ್ರೆಯ ಕಾರ್ಡು ತೆಗೆದು ಎಡಗೈಗೆ ಕೊಟ್ಟೆ. ಬೆರಳಾಡಿಸಿ ನೋಡಿದಳು. ತುಂಬ ಹೊತ್ತು ನೋಡಿದಳು.

"ಎಲ್ಲಿ ಹೋಗಿದ್ರಿ ಇಷ್ಟು ದಿನ? ಮೂರು ಸಲ ನಿಮ್ಮನೆ ತನಕ ಹೋಗಿ ವಾಪಸ್ ಬಂದಿದೆ. ಬಾಗಿಲು ತೆಗೀಲಿಲ್ಲವಂತೆ."

ನಾನು ಅವಳ ಕುರ್ಚಿಗೆ ಇನ್ನೊಂದು ಹೆಜ್ಜೆ ಹತ್ತಿರವಾದೆ.

"ಒಳಗೇ ಇದ್ದೆ," ಎಂದೆ. "ಗಲಾಟೆಯಲ್ಲಿ ಕೇಳಿಸಲಿಲ್ಲ." ನಾನು ಹೇಳಿದ್ದು ಸಮ್ಮೋಹನದ ಆಟಕ್ಕಲ್ಲ. ನಿಜವಾಗಿಯೇ ಹೇಳಿದೆ. "ನನ್ನ ಹೆಸರಿಗೇ ಯಾಕೆ ಕಳಿಸಿದ್ರು?"

"ಷರಾ ಬರೆದಿದಾರೆ," ಎಂದಳು ಅಕ್ಕ ಅದೇ ಕಚೇರಿಯ ದನಿಯಲ್ಲಿ. "ಒಡೆಯುವ ವಸ್ತು. ತಂಗಿಯ ಕೈಗೇ ಕೊಡತಕ್ಕದ್ದು. ಅವಳ ಹತ್ತಿರ ಇದ್ದರೆ ಕೆಡುವುದಿಲ್ಲ." ಗಾಳಿಯಲ್ಲಿ ಒಂದು ಪುಸ್ತಕ ನನ್ನ ಕಡೆ ತಿರುಗಿಸಿದಳು. "ಇಲ್ಲಿ ಸಹಿ ಹಾಕಿ."

ಹಾಕಿದೆ. ಕಣ್ಣು ಮಂಜಾಗಿ, ಇಲ್ಲದ ಪುಸ್ತಕದ ಮೇಲೆ ಇಲ್ಲದ ಪೆನ್ನಿನಲ್ಲಿ ಸೊಟ್ಟಪಟ್ಟ ಸಹಿ. ಅವಳು ಕಾಣದ ಪೆಟ್ಟಿಗೆಯನ್ನು ಎತ್ತಿ ಕೊಟ್ಟಳು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ.

ಜೋಗುಳ ಡಾಕ್ಟರು ಕಿವಿಯ ಹತ್ತಿರ ಬಂದು, "ಈಗ ನೀವೇ ವಾಪಸ್ ಕೊಡಿ ಸಿಸ್ಟರ್. ಪೂರ್ತಿ ಬೇಡ. ಕೈ ಕಾಯೋಕೆ ಎಷ್ಟು ಬೇಕೋ ಅಷ್ಟು ನೋವು" ಎಂದು ಪಿಸುಗುಟ್ಟಿದರು.

ಅಕ್ಕನ ಬಲಗೈಯನ್ನು ನನ್ನೆರಡು ಕೈಯೊಳಗೆ ಇಟ್ಟುಕೊಂಡೆ. "ಅಕ್ಕಾ, ಪಾರ್ಸೆಲ್ ಬಿಚ್ಚಿದೀನಿ. ಕೈ ಚೆನ್ನಾಗಿದೆ. ಇದು ನಿಂದು, ತಗೋ. ನಿಂಗೆ ಬೇಕಾದಷ್ಟು ನೋವು ಇದರಲ್ಲಿದೆ." ಮುಂದಿನದ್ದನ್ನು ಯಾರೂ ಹೇಳಿಕೊಡಲಿಲ್ಲ, ತಾನಾಗಿ ಬಂತು. "ಮಿಕ್ಕಿದ್ದು ನನ್ನ ಹತ್ರ ಇರ್ಲಿ."

ಡಾಕ್ಟರು ಐದರಿಂದ ಒಂದರ ತನಕ ಎಣಿಸಿದರು. ಅಕ್ಕ ಕಣ್ಣು ಬಿಟ್ಟಳು. ನನ್ನ ಮುಖ ನೋಡಿದಳು, ಕೈ ನೋಡಿದಳು.

"ಅಯ್ಯಯ್ಯೋ ಅಮ್ಮಾ! ಉರೀತಿದೆ ಕಣೇ! ಮೆಲ್ಲಗೆ ಹಿಡಿಯೇ, ರಾಕ್ಷಸಿ!"

ಅಷ್ಟು ಸೊಗಸಾದ ಬೈಗುಳ ನನ್ನ ಜನ್ಮದಲ್ಲಿ ಕೇಳಿರಲಿಲ್ಲ. ಭಾವ ದೊಡ್ಡ ಡಾಕ್ಟರನ್ನು ತಬ್ಬಿಕೊಂಡರು. ಲಿಫ್ಟಿನವನು ಶಿಳ್ಳೆ ಹಾಕಿದ. ಜೋಗುಳ ಡಾಕ್ಟರು ತಿರುಗುಕುರ್ಚಿಯಲ್ಲಿ ಕುಸಿದು ಎರಡು ಸುತ್ತು ಸುತ್ತಿದರು. "ನಾನಿಲ್ಲಿ ನೋವಿಂದ ಸಾಯ್ತಿದ್ರೆ ಕುಣೀತೀರೇನ್ರೀ!" ಎಂದು ಅಕ್ಕ ಎಲ್ಲರ ಮೇಲೂ ಹರಿಹಾಯ್ದಳು.

"ತುಂಬಾ ನೋವಾ?" ಎಂದೆ.

ಅವಳು ಬಾಯಿ ತೆರೆದವಳು ಮುಚ್ಚಿದಳು. ತನ್ನೊಳಗೇ ಏನನ್ನೋ ತೂಗಿ ನೋಡಿದ ಹಾಗೆ ತಲೆ ವಾಲಿಸಿದಳು. "ಇದೆ. ಆದ್ರೆ ಅವತ್ತಿನಷ್ಟು ಇಲ್ಲ. ತಡೀಬೋದು."

"ಹಾಗಾದ್ರೆ ಬಿಚ್ಚು ನೋಡೋಣ. ನೀನೇ."

ನಾನು ಕೈ ಬಿಟ್ಟೆ. ಅಕ್ಕ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, ನನ್ನನ್ನು, ಡಾಕ್ಟರನ್ನು, ಭಾವನನ್ನು ಸರದಿ ಪ್ರಕಾರ ಬೈಯುತ್ತಾ, ಮೊದಲು ಹೆಬ್ಬೆರಳು ಬಿಚ್ಚಿದಳು. ಆಮೇಲೆ ಉಳಿದ ನಾಲ್ಕನ್ನೂ, ಒಂದೊಂದಾಗಿ.